ನಿದ್ದೆಯ ಲೆಕ್ಕ ಹಾಕಿಯೇ ದಿಲ್ಲಿ ದಾರಿ ಹಿಡಿಯುತ್ತೇನೆ

ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ನನ್ನ ಲಾರಿಗೆ ಲಿಂಬೆಕಾಯಿ ಲೋಡ್ ಆಗುವ ದಿನ ಮಧ್ಯಾಹ್ನ ನಾನು ಮಲಗಿರುತ್ತೇನೆ. ಹಮಾಲರು ಚೀಲ ಏರಿಸುತ್ತಿರುತ್ತಾರೆ, ಕ್ಲೀನರ್ ಹುಡುಗ ಎಣಿಕೆ ಬರೆಯುತ್ತಿರುತ್ತಾನೆ, ನಾನು ಗೋದಾಮಿನ ನೆರಳಿನಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿರುತ್ತೇನೆ. ಸಂಜೆ ನಾಲ್ಕಕ್ಕೆ ಗಾಡಿ ಬಿಡಬೇಕು. ಅಷ್ಟರೊಳಗೆ ನಾಲ್ಕು ತಾಸು ನಿದ್ದೆ ಆಗಿರಲೇಬೇಕು. ಬಿಲ್ಟಿ (ಮಾಲಿನ ರಸೀದಿ), ಡೀಸೆಲ್, ಹವಾ, ಟೋಲಿನ ಟ್ಯಾಗಿನ ದುಡ್ಡು ಎಲ್ಲ ನೋಡಿಕೊಳ್ಳುತ್ತೇನೆ ನಿಜ. ಆದರೆ ನಿದ್ದೆ ಆಗದ ದಿನ ಇವೆಲ್ಲ ಸರಿ ಇದ್ದರೂ ಗಾಡಿ ಬಿಡುವುದಿಲ್ಲ.

ಈ ರೂಢಿ ಮೊದಲಿನಿಂದ ಇದ್ದದ್ದಲ್ಲ. ಕೆಲವು ವರ್ಷದ ಹಿಂದೆ ಬೇಸಿಗೆಯಲ್ಲಿ ಇದೇ ಲಿಂಬೆ ತುಂಬಿಕೊಂಡು ದಿಲ್ಲಿಗೆ ಹೊರಟಿದ್ದೆ. ರೇಟು ಏರಿತ್ತು. ವ್ಯಾಪಾರಿ ಎರಡು ತಾಸಿಗೊಮ್ಮೆ ಫೋನ್ ಮಾಡಿ "ಎಲ್ಲಿ ಬಂದೀರಿ, ಎಲ್ಲಿ ಬಂದೀರಿ" ಅಂತ ಕೇಳುತ್ತಿದ್ದರು. ಎರಡು ರಾತ್ರಿ ಚಾ, ಗುಟ್ಕಾ ಮೇಲೆಯೇ ಕಳೆದೆ. ಮೂರನೇ ರಾತ್ರಿ ಮಧ್ಯಪ್ರದೇಶದ ಗುಣಾ ದಾಟಿ ಶಿವಪುರಿ ಕಡೆ ಹೋಗುತ್ತಿದ್ದೆ. ನಸುಕಿನ ನಾಲ್ಕರ ಹೊತ್ತು. ಮುಂದೆ ಒಂದು ಸಣ್ಣ ಸೇತುವೆ ಕಂಡದ್ದು ನೆನಪಿದೆ. ಆಮೇಲೆ ಕೇಳಿಸಿದ್ದು ಕ್ಲೀನರ್ ಹುಡುಗ "ಅಣ್ಣಾ!" ಅಂತ ಚೀರಿದ್ದು. ಎಡಗಡೆ ಗಾಲಿಗಳು ಮಣ್ಣಿಗೆ ಇಳಿದಿದ್ದವು. ಸೇತುವೆ ಹಿಂದೆ ಹೋಗಿತ್ತು. ಅದನ್ನು ನಾನು ದಾಟಿದ್ದೆ, ದಾಟಿದ್ದು ನನಗೆ ಗೊತ್ತೇ ಇರಲಿಲ್ಲ.

ಗಾಡಿ ನಿಲ್ಲಿಸಿ ಕೆಳಗಿಳಿದೆ. ಕಾಲು ನಡುಗುತ್ತಿದ್ದವು. ಹುಡುಗ ಅಳುತ್ತಿದ್ದ. ಅವನಿಗೆ ಆಗ ಹತ್ತೊಂಬತ್ತು ವರ್ಷ. ಅವನ ತಾಯಿ ನಮ್ಮ ಓಣಿಯವರೇ, "ನಿನ್ನ ತಮ್ಮ ಅಂತ ತಿಳಕೊಂಡು ಕರ್ಕೊಂಡು ಹೋಗಪ್ಪಾ" ಅಂದು ಕಳಿಸಿದ್ದರು. ಆಮೇಲೆ ಕುಳಿತು ಲೆಕ್ಕ ಹಾಕಿದೆ. ತಾಸಿಗೆ 60 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗುತ್ತದೆ. ಮೂರು ಸೆಕೆಂಡು ಕಣ್ಣು ಹತ್ತಿದರೆ 50 ಮೀಟರ್. ಇಪ್ಪತ್ತು ಟನ್ನಿಗೂ ಹೆಚ್ಚು ತೂಕದ ಗಾಡಿ ಅಷ್ಟು ದೂರ ಯಾರೂ ಓಡಿಸದೆ ಓಡಿದ ಹಾಗೆ.

ಅವತ್ತಿನಿಂದ ದಾರಿಯನ್ನು ನಿಲ್ಲುವ ಜಾಗಗಳಿಂದ ಅಳೆಯಲು ಶುರು ಮಾಡಿದೆ. ನಮ್ಮಿಂದ ದಿಲ್ಲಿ 1600 ಕಿಲೋಮೀಟರಿಗೂ ಜಾಸ್ತಿ. ಇಂಡಿಯಿಂದ ಝಳಕಿಗೆ ಬಂದು ಹೆದ್ದಾರಿ ಹತ್ತಿ, ಧೂಳಖೇಡದ ಹತ್ತಿರ ಭೀಮಾ ಹೊಳೆ ದಾಟಿದರೆ ಮಹಾರಾಷ್ಟ್ರ. ಮೊದಲ ರಾತ್ರಿ ಸೊಲ್ಲಾಪುರ ದಾಟಿ ಕರಮಾಳಾ ಹತ್ತಿರ ಮಲಗುತ್ತೇನೆ. ಎರಡನೇ ದಿನ ಅಹಿಲ್ಯಾನಗರ, ಮನಮಾಡ್, ಮಾಲೇಗಾಂವ್, ಧುಳೆ ಮೇಲೆ ಹಾಯ್ದು ಸೇಂಧ್ವಾ. ಮೂರನೇ ದಿನ ಇಂದೋರ್, ದೇವಾಸ್, ಬ್ಯಾವರಾ ದಾಟಿ ಗುಣಾ. ನಾಲ್ಕನೇ ದಿನ ಗ್ವಾಲಿಯರ್, ಚಂಬಲ್ ಹೊಳೆ, ಆಗ್ರಾ. ಐದನೇ ರಾತ್ರಿ ದಿಲ್ಲಿಯ ಹಣ್ಣು ತರಕಾರಿ ಮಾರುಕಟ್ಟೆ, ಆಜಾದ್‌ಪುರ ಮಂಡಿ. ಮೊದಲ ದಿನ, ಕಡೆಯ ದಿನ ಬಿಟ್ಟರೆ ದಿನಕ್ಕೆ ಹೆಚ್ಚೂ ಕಡಿಮೆ 400 ಕಿಲೋಮೀಟರ್. ರಾತ್ರಿ ಹನ್ನೊಂದರೊಳಗೆ ಗಾಡಿ ನಿಲ್ಲಬೇಕು, ಬೆಳಗ್ಗೆ ಐದಕ್ಕೆ ಮುಂಚೆ ಹೊರಡಬಾರದು. ನಡುರಾತ್ರಿ ಎರಡರಿಂದ ಐದರವರೆಗೆ ಎಂಥ ಗಟ್ಟಿ ಮನುಷ್ಯನಿಗೂ ಮೈ ನಿದ್ದೆ ಕೇಳುತ್ತದೆ. ಆ ಮೂರು ತಾಸು ನಾನು ಸ್ಟೇರಿಂಗ್ ಮುಟ್ಟುವುದಿಲ್ಲ.

"ಹಂಗಾದ್ರ ಬಾಡಿಗಿ ಕೊಡಾವ್ರು ಯಾರು?" ಅಂತ ಹೊಸ ಡ್ರೈವರುಗಳು ಕೇಳುತ್ತಾರೆ. ನಾನು ಲೋಡ್ ಮಾಡುವ ಮುಂಚೆಯೇ ವ್ಯಾಪಾರಿಗೆ "ಐದನೇ ರಾತ್ರಿ ಮುಟ್ಟಿಸ್ತೀನಿ, ಒಪ್ಪಿಗೆ ಇದ್ದರ ತುಂಬ್ರಿ" ಅಂತ ಹೇಳಿಬಿಡುತ್ತೇನೆ. ಮೊದಲಿಗೆ ಇಬ್ಬರು ಮೂವರು ಬೇರೆ ಗಾಡಿ ನೋಡಿಕೊಂಡರು. ಈಗ ಅವರೇ ಕರೆಯುತ್ತಾರೆ, ಯಾಕೆಂದರೆ ಹೇಳಿದ ದಿನ ಮಾಲು ಬರುತ್ತದೆ. ಲಿಂಬೆ ಒಂದು ದಿನಕ್ಕೆ ಕೊಳೆಯುವ ಮಾಲಲ್ಲ. ಅದಕ್ಕೆ ಬೇಕಾದ್ದು ಗಾಳಿ. ತಾಡಪತ್ರಿಯನ್ನು ಬಿಗಿಯಾಗಿ ನಾಲ್ಕೂ ಕಡೆ ಬಿಗಿದರೆ ಬಿಸಿಲಿಗೆ ಒಳಗೇ ಬೇಯುತ್ತದೆ. ಬೇಸಿಗೆಯಲ್ಲಿ ಹಗಲು ಪಕ್ಕದ ಅಂಚು ಎತ್ತಿ ಕಟ್ಟುತ್ತೇನೆ, ಮೋಡ ಕಂಡರೆ ಇಳಿಸುತ್ತೇನೆ.

ಇನ್ನೊಂದು ಮಾತು. ಬಿಲ್ ಮಾಡಿದ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ) ಬೇಕಾದಾಗ 200 ಕಿಲೋಮೀಟರಿಗೆ ಒಂದು ದಿನ ಅಂತ ಸರ್ಕಾರವೇ ಅವಧಿ ಕೊಡುತ್ತದೆ. ಅಂದರೆ 1600 ಕಿಲೋಮೀಟರಿಗೆ 8 ದಿನ. ಮೂರು ದಿನದಲ್ಲಿ ಮುಟ್ಟಬೇಕು ಅನ್ನುವ ಅವಸರ ಯಾವ ಕಾಗದದಲ್ಲೂ ಇಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ತಾಸು ಕೆಲಸ, 5 ತಾಸಿನೊಳಗೆ ಅರ್ಧ ತಾಸು ವಿಶ್ರಾಂತಿ ಅನ್ನುತ್ತಿತ್ತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದರೂ ದಿನಕ್ಕೆ 8 ತಾಸಿನ ಮಿತಿ ಉಳಿದಿದೆ. ನಮ್ಮ ಲೈನಿನಲ್ಲಿ ಇದನ್ನು ಕೇಳಿದವರೇ ಕಡಿಮೆ. ನಾನು ಎಲ್ಲ ಹುಡುಗರಿಗೂ ಹೇಳುತ್ತೇನೆ, ತಮ್ಮ ಹಕ್ಕು ಏನು ಅಂತ ತಮಗೆ ಗೊತ್ತಿರಲಿ ಅಂತ.

ಹಗಲಲ್ಲೂ ತೂಕಡಿಕೆ ಬರುತ್ತದೆ, ಮಧ್ಯಾಹ್ನ ಊಟವಾದ ಮೇಲೆ ವಿಶೇಷವಾಗಿ. ಕಿಟಕಿ ತೆಗೆದು ನೋಡಿದ್ದೇನೆ, ಜೋರಾಗಿ ಹಾಡು ಹಚ್ಚಿದ್ದೇನೆ, ಮುಖಕ್ಕೆ ನೀರು ಹೊಡೆದುಕೊಂಡಿದ್ದೇನೆ. ಎಲ್ಲ ಹತ್ತು ನಿಮಿಷದ ಆಟ. ಈಗ ಹಿಂದೆ ಹೋದ ಊರು ಯಾವುದು ಅಂತ ತಟ್ಟನೆ ನೆನಪಾಗದಿದ್ದರೆ, ಅಥವಾ ಗಾಡಿ ರಸ್ತೆಯ ಬಿಳಿ ಪಟ್ಟಿಯ ಮೇಲೆ ಹತ್ತಿ ಇಳಿದರೆ, ಮುಂದಿನ ಧಾಬಾಕ್ಕೆ ಹಾಕುತ್ತೇನೆ. ಒಂದು ಖಡಕ್ ಚಾ ಕುಡಿದು ತಕ್ಷಣ ಮಲಗುತ್ತೇನೆ, ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು. ಚಾ ಮೈಗೆ ಹತ್ತಲು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಕೂಡಿ ಬರುತ್ತವೆ. ಜಾಸ್ತಿ ಮಲಗಿದರೆ ಎದ್ದಾಗ ತಲೆ ಭಾರ. ಎದ್ದ ಮೇಲೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟಾಮಿಯಿಂದ (ಕಬ್ಬಿಣದ ಸಲಾಕೆ) ಟೈರ್ ಬಡಿದು ಸದ್ದು ಕೇಳಿ, ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿದ್ದರೆ ತೆಗೆದು ಹೊರಡುತ್ತೇನೆ. ಅಷ್ಟರಲ್ಲಿ ಮಂಪರು ಹೋಗಿರುತ್ತದೆ. ಮಾಳ್ವಾ ಕಡೆ ಧಾಬಾಗಳಲ್ಲಿ ನಿದ್ದೆ ಓಡಿಸುವ ಗುಳಿಗೆ, ಅಫೀಮು ಅಂತ ಕೊಡಲು ಬರುವವರಿದ್ದಾರೆ. ದಯವಿಟ್ಟು ಕೈ ಹಾಕಬೇಡಿ. ನನ್ನ ಜೊತೆ ಕಲಿತ ಒಬ್ಬ ಒಳ್ಳೆಯ ಡ್ರೈವರ್ ಅದರಿಂದಲೇ ಲೈನ್ ಬಿಟ್ಟ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ದೊಡ್ಡ ಅನುಕೂಲ ಇದೆ. ಖಡಕ್ ರೊಟ್ಟಿ. ಮನೆಯಿಂದ ಮೂವತ್ತು ನಲವತ್ತು ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿಸಿಕೊಂಡರೆ ಹೋಗಿ ಬರುವತನಕ ಕೆಡುವುದಿಲ್ಲ. ಮಧ್ಯಾಹ್ನ ಎರಡು ರೊಟ್ಟಿ, ಧಾಬಾದ ಮೊಸರು, ಉಳ್ಳಾಗಡ್ಡಿ. ಬೆಣ್ಣೆ ಹಾಕಿದ ದಾಲು, ಪರಾಠಾ ಹೊಟ್ಟೆ ತುಂಬ ತಿಂದು ಸ್ಟೇರಿಂಗ್ ಹಿಡಿದರೆ ತಾಸಿನೊಳಗೆ ಕಣ್ಣು ಎಳೆಯುತ್ತದೆ. ಬಿಸಿ ಊಟ ರಾತ್ರಿ, ಗಾಡಿ ನಿಂತ ಮೇಲೆ. ನೀರು ಮಾತ್ರ ಬಿಡದೆ ಕುಡಿಯಿರಿ. ಇಳಿಯಬೇಕಾಗುತ್ತದೆ ಅಂತ ನೀರು ಕಡಿಮೆ ಮಾಡಿ ಕಿಡ್ನಿ ಕಲ್ಲಿನಿಂದ ಒದ್ದಾಡಿದವರನ್ನು ಬಹಳ ಜನರನ್ನು ನೋಡಿದ್ದೇನೆ.

ಘಾಟಿನ ಪಾಠ ನನಗೆ ಕಲಿಸಿದವರು ನಮ್ಮ ಕಾಕಾ. ನಾನಾಗ ಅವರ ಕ್ಲೀನರ್. ಆ ದಿನಗಳಲ್ಲಿ ಸೊಲ್ಲಾಪುರದಿಂದ ಬೀಡ್, ಔರಂಗಾಬಾದ್ ಮೇಲೆ ಹೋಗಿ ಚಾಳೀಸಗಾಂವಕ್ಕೆ ಇಳಿಯುತ್ತಿದ್ದೆವು. ಔರಂಗಾಬಾದಿಗೆ ಈಗ ಛತ್ರಪತಿ ಸಂಭಾಜಿನಗರ ಅಂತ ಹೆಸರು. ಘಾಟಿನ ಮೇಲಿನ ಊರಿನ ಹೆಸರು ಕನ್ನಡ! ಊರಿನ ಬೋರ್ಡಿನಲ್ಲಿ ಮರಾಠಿ ಅಕ್ಷರದಲ್ಲಿ "ಕನ್ನಡ" ಅಂತ ಓದಿದಾಗ ಆದ ಖುಷಿ ಇನ್ನೂ ನೆನಪಿದೆ. ಆ ಊರು ದಾಟಿದರೆ ಕಡಿದಾದ ಇಳಿಜಾರು. ಮೇಲೆ ಗಾಡಿ ನಿಲ್ಲಿಸಿ ಕಾಕಾ ಹೇಳಿದರು: "ತಮ್ಮಾ, ಯಾವ ಗೇರಿನ್ಯಾಗ ಏರ್ತೀವಿ, ಅದಕ್ಕಿಂತ ಒಂದು ಕಮ್ಮಿ ಗೇರಿನ್ಯಾಗ ಇಳೀಬೇಕು. ನ್ಯೂಟ್ರಲ್ ಅನ್ನೂದು ಮರತಬಿಡು." ಈಗ ಆ ಘಾಟಿನಲ್ಲಿ ಭಾರಿ ಗಾಡಿ ಬಿಡುವುದಿಲ್ಲ, ಅದಕ್ಕೇ ನಾನು ಕರಮಾಳಾ ದಾರಿ ಹಿಡಿದದ್ದು. ಮಾತು ಮಾತ್ರ ಎಲ್ಲ ಘಾಟಿಗೂ ಸಲ್ಲುತ್ತದೆ.

ದಿಲ್ಲಿಗೆ ಹೋಗುವಾಗ ಸೇಂಧ್ವಾದ ಬಿಜಾಸನ್ ಘಾಟು, ಇಂದೋರಿನ ಈಚೆಯ ಗಣಪತಿ ಘಾಟು ಎರಡೂ ಏರು. ತಿರುಗಿ ಬರುವಾಗ ಎರಡೂ ಇಳಿಜಾರು. ಗಣಪತಿ ಘಾಟಿನಲ್ಲಿ ಬ್ರೇಕ್ ಫೇಲ್ ಆಗಿ ಆದ ಅಪಘಾತಗಳಿಗೆ ಲೆಕ್ಕವಿಲ್ಲ. ಬ್ರೇಕ್ ಸುಮ್ನೆ ಫೇಲ್ ಆಗುವುದಿಲ್ಲ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಹಾಕುತ್ತಾರೆ. ಆಗ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಪೂರ್ತಿ ಭಾರ ಗಾಲಿಯ ಡ್ರಮ್ಮಿಗೆ ಉಜ್ಜಿ ಗಾಡಿ ತಡೆಯುವ ಲೈನರ್ ಮೇಲೆ. ಕಾಲು ಒತ್ತಿಯೇ ಇಟ್ಟರೆ ಡ್ರಮ್ ಕಾದು ಹಿಗ್ಗುತ್ತದೆ, ಲೈನರ್ ಸುಟ್ಟು ಹಿಡಿತ ಬಿಡುತ್ತದೆ. ಗಾಬರಿಯಿಂದ ಮತ್ತೆ ಮತ್ತೆ ತುಳಿದರೆ ಬ್ರೇಕ್ ನಡೆಸುವ ಟ್ಯಾಂಕಿನ ಹವಾ ಇಳಿಯುತ್ತದೆ. ನಾನು ಇಳಿಜಾರಿಗೆ ಮುಂಚೆ ಗಾಡಿ ನಿಲ್ಲಿಸಿ ಹವಾ ಮುಳ್ಳು ನೋಡುತ್ತೇನೆ, ಘಾಟಿನ ಮೇಲೆಯೇ ಕಮ್ಮಿ ಗೇರ್ ಹಾಕಿಕೊಳ್ಳುತ್ತೇನೆ, ಎಂಜಿನ್ ಹೊಗೆ ತಡೆದು ಗಾಡಿ ನಿಧಾನ ಮಾಡುವ ಎಕ್ಸಾಸ್ಟ್ ಬ್ರೇಕ್ ಒತ್ತುತ್ತೇನೆ. ಇಳಿಯುತ್ತ ಗೇರ್ ಕಮ್ಮಿ ಮಾಡಲು ಹೋದರೆ ಒಮ್ಮೊಮ್ಮೆ ಬೀಳುವುದೇ ಇಲ್ಲ. ವೇಗ ಏರಿದಾಗ ಮಾತ್ರ ಗಟ್ಟಿಯಾಗಿ ಒಮ್ಮೆ ಬ್ರೇಕ್ ತುಳಿದು, ವೇಗ ಇಳಿದ ಕೂಡಲೇ ಬಿಡುತ್ತೇನೆ. ಸುಟ್ಟ ವಾಸನೆ ಬಂದರೆ ಜಾಗ ಸಿಕ್ಕಲ್ಲಿ ಬದಿಗೆ ನಿಲ್ಲಿಸಿ ತಾನಾಗಿ ಆರಲು ಬಿಡಬೇಕು. ಕಾದ ಡ್ರಮ್ಮಿಗೆ ನೀರು ಹಾಕಿದರೆ ಸೀಳುತ್ತದೆ. ದಿನಾ ಬೆಳಗ್ಗೆ ಹವಾ ಟ್ಯಾಂಕಿನ ನೀರು ತೆಗೆಯುವುದನ್ನು ಮರೆಯಬೇಡಿ, ಒಂದೇ ನಿಮಿಷದ ಕೆಲಸ.

ಇದೂ ನಿದ್ದೆಗೆ ಬಂದೇ ನಿಲ್ಲುತ್ತದೆ ನೋಡಿ. ನಿದ್ದೆಗೆಟ್ಟವನಿಗೆ ಘಾಟಿನ ಬೋರ್ಡ್ ಕಾಣುವುದಿಲ್ಲ, ವಾಸನೆ ತಡವಾಗಿ ಬಡಿಯುತ್ತದೆ.

ಗಾಡಿ ಕೆಟ್ಟು ರಸ್ತೆಯಲ್ಲಿ ನಿಂತರೆ ಹಿಂದೆ ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಇಡಿ, ಇಂಡಿಕೇಟರ್ ಹಚ್ಚಿ, 1033ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ನಮ್ಮವರು ಗಿಡದ ಟೊಂಗೆ, ಕಲ್ಲು ಇಡುತ್ತಾರೆ, ಸರಿ. ಹೊರಡುವಾಗ ಆ ಕಲ್ಲು ತೆಗೆಯದೆ ಹೋಗುತ್ತಾರೆ. ರಾತ್ರಿ ಬೈಕಿನವನೊಬ್ಬ ಅದಕ್ಕೆ ಬಡಿದು ಬೀಳುತ್ತಾನೆ. ನನ್ನ ಗಾಡಿಯಲ್ಲಿ ಕಲ್ಲು ತೆಗೆದ ಮೇಲೆಯೇ ಹುಡುಗ ಹತ್ತಬೇಕು.

ಡಿಸೆಂಬರ್, ಜನವರಿಯಲ್ಲಿ ಗ್ವಾಲಿಯರ್ ದಾಟಿದರೆ ಮಂಜು. ನಮ್ಮ ಕಡೆಯ ಮಂಜಿನ ಹಾಗಲ್ಲ ಅದು, ಬಾನೆಟ್ ಮುಂದೆ ಏನೂ ಕಾಣುವುದಿಲ್ಲ. ಮುಂದಿನ ಗಾಡಿಯ ಹಿಂದಿನ ದೀಪ ಹಿಡಿದುಕೊಂಡು ಹೋಗುವ ಚಟ ಕೆಲವರಿಗಿದೆ. ಅವನು ಹಳ್ಳಕ್ಕೆ ಹೋದರೆ ನೀವೂ ಹಳ್ಳಕ್ಕೆ. ಬಿಸಿಲು ಬರುವತನಕ ಧಾಬಾದ ಒಳಗೆ ಗಾಡಿ ಹಾಕಿ ಮಲಗಿ, ರಸ್ತೆಯ ಅಂಚಿನಲ್ಲಿ ಬೇಡ. ದಿಲ್ಲಿಯಲ್ಲಿ ಹಗಲು ದೊಡ್ಡ ಗಾಡಿ ಬಿಡುವುದಿಲ್ಲ, ಹೊಗೆ ಜಾಸ್ತಿಯಾದಾಗ ಗಡಿಯಲ್ಲೇ ತಡೆಯುತ್ತಾರೆ. ಹೊರಡುವ ಮುಂಚೆ ವ್ಯಾಪಾರಿಯ ಮಂಡಿಯವರಿಂದ ಕೇಳಿ ತಿಳಿದುಕೊಳ್ಳಿ.

2025ರಿಂದ ಹೊಸದಾಗಿ ಬರುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ. ಇದು ಸುಖದ ಮಾತು ಅಂತ ಕೆಲವು ಮಾಲೀಕರು ಮುಖ ಕಿವುಚುತ್ತಾರೆ. ಮೇ ತಿಂಗಳು ಸೇಂಧ್ವಾದಲ್ಲಿ ಕಾದ ಕ್ಯಾಬಿನ್ನಿನೊಳಗೆ ಮಲಗಲು ನೋಡಿದವರಿಗೆ ಅದರ ಬೆಲೆ ಗೊತ್ತು. ನನ್ನ ಗಾಡಿ ಹಳೆಯದು. ನಾನು ಸೊಳ್ಳೆಪರದೆ, ಹಗ್ಗದ ಮಂಚ ಸಿಗುವ ಧಾಬಾಗಳನ್ನು ಗುರುತು ಮಾಡಿಟ್ಟುಕೊಂಡಿದ್ದೇನೆ. ಗಾಡಿ ದೀಪದ ಕೆಳಗೆ, ಡೀಸೆಲ್ ಟ್ಯಾಂಕಿಗೆ ಬೀಗ, ಹುಡುಗ ಕ್ಯಾಬಿನ್ನಿನಲ್ಲಿ, ನಾನು ಹೊರಗೆ ಮಂಚದ ಮೇಲೆ.

ಕಡೆಯದಾಗಿ ತಿರುಗಿ ಬರುವ ದಾರಿ. ಸೊಲ್ಲಾಪುರಕ್ಕೆ ಬಂದಾಗ ವಿಜಯಪುರ ಬರೀ 100 ಕಿಲೋಮೀಟರ್. ಹತ್ತು ಹನ್ನೆರಡು ದಿನವಾಗಿರುತ್ತದೆ, ಮಕ್ಕಳ ಮುಖ ಕಣ್ಣ ಮುಂದೆ ಬರುತ್ತದೆ. ಗುರುತಿನ ರಸ್ತೆ, ಎರಡೂವರೆ ತಾಸಿನ ದಾರಿ, ಒಂದೇ ಉಸಿರಿಗೆ ಹೋಗೋಣ ಅನ್ನಿಸುತ್ತದೆ. ನನಗೆ ಗೊತ್ತಿದ್ದ ಇಬ್ಬರು ಡ್ರೈವರುಗಳು ಮನೆ ಹತ್ತಿರ ಬಂದೇ ತೀರಿಹೋದದ್ದು. ಹಾಗಾಗಿ ಸೊಲ್ಲಾಪುರಕ್ಕೆ ರಾತ್ರಿ ಹತ್ತರ ಮೇಲೆ ಬಂದರೆ ಅಲ್ಲೇ ಮಲಗುತ್ತೇನೆ. ಮೊದಮೊದಲು ಮನೆಯಾಕಿ ಸಿಟ್ಟಾಗುತ್ತಿದ್ದಳು, ಇಷ್ಟು ಹತ್ತಿರ ಬಂದು ನಿಲ್ಲುವುದೇನು ಅಂತ. ಶಿವಪುರಿ ದಾರಿಯ ಕಥೆಯನ್ನು ಒಂದು ದಿನ ಪೂರ್ತಿ ಹೇಳಿದೆ. ಈಗ ರಾತ್ರಿ ಅವಳೇ ಫೋನ್ ಮಾಡುತ್ತಾಳೆ: "ಸೊಲ್ಲಾಪುರ ಬಂತಿಲ್ರಿ? ಉಂಡು ಮಲಗ್ರಿ. ಮುಂಜಾನೆ ಬಿಸಿ ರೊಟ್ಟಿ ಮಾಡಿರ್ತೀನಿ."