ಉದುರುವ ಹಲ್ಲು ಅಂದುಕೊಂಡಿದ್ದೆ

ಮಂಡ್ಯದ ಕಡೆ ನಾವು ಮುದ್ದೆ ನುಂಗುತ್ತೇವೆ, ಅಗಿಯುವುದಿಲ್ಲ. ಹಾಗಾಗಿ ಮಗಳ ಹಲ್ಲು ನೋಯುತ್ತಿದೆ ಅಂತ ನನಗೆ ಗೊತ್ತಾಗಿದ್ದೇ ತಡವಾಗಿ. ಗೌರಿ ಹಬ್ಬಕ್ಕೆ ಮಾಡಿದ್ದ ನಿಪ್ಪಟ್ಟನ್ನು ಅವಳು ಬಲಗಡೆ ದವಡೆಗೆ ತಳ್ಳಿಕೊಂಡು, ತಲೆ ಓರೆ ಮಾಡಿಕೊಂಡು ಅಗಿಯುತ್ತಿದ್ದಳು. ಆಗ ಅವಳಿಗೆ ಎಂಟು ವರ್ಷ. "ಯಾಕ್ ಪುಟ್ಟಿ ಹಂಗೆ ತಿಂತೀಯ?" ಅಂದೆ. "ಎಡಗಡೆ ಜುಮ್ ಅಂತದೆ ಅಮ್ಮ" ಅಂದಳು.

ಬಾಯಿ ತೆಗೆಸಿ ನೋಡಿದೆ. ಕೆಳಗಿನ ಸಾಲಿನ ಕೊನೇ ಹಲ್ಲಲ್ಲಿ ಕಪ್ಪು ಗುಳಿ. ಅತ್ತೆ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. "ಹಾಲಲ್ಲು ಕಣವ್ವ, ತಾನೇ ಉದುರೋಯ್ತದೆ, ಬುಡು" ಅಂದರು. ನನಗೂ ಹಾಗೇ ಅನ್ನಿಸಿತು. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಇಟ್ಟೆ. ನೋವು ನಿಂತಿತು. ಎರಡು ತಿಂಗಳು ಸುಮ್ಮನಿದ್ದುಬಿಟ್ಟೆ. ಆ ಎರಡು ತಿಂಗಳು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಒಂದು ರಾತ್ರಿ ಅವಳು ಕೆನ್ನೆ ಹಿಡಿದುಕೊಂಡು ಅಳುತ್ತಾ ಎದ್ದಳು. ಬೆಳಗಾಗುತ್ತಲೇ ಮಂಡ್ಯದ ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರಮ್ಮ ನೋಡಿದರು. ನಾನು "ಹಾಲು ಹಲ್ಲು ಅಲ್ವಾ ಮೇಡಂ, ಕೀಳಿಸಿಬಿಡಬಹುದಾ?" ಅಂದೆ. ಅವರು ದೀಪವನ್ನು ಮಗಳ ಬಾಯಿಗೆ ತಿರುಗಿಸಿ, "ಮುಂದಿನ ನಡು ಹಲ್ಲಿಂದ ಹಿಂದಕ್ಕೆ ಎಣಿಸಿ ಅಮ್ಮ" ಅಂದರು. ಎಣಿಸಿದೆ. ಗುಳಿ ಬಿದ್ದಿದ್ದು ಆರನೆಯದು. "ಹಾಲು ಹಲ್ಲು ಒಟ್ಟು ಇಪ್ಪತ್ತು. ಮೇಲೆ ಕೆಳಗೆ, ಎಡ ಬಲ, ಒಂದೊಂದು ಕಡೆ ಐದೇ. ಆರನೆಯದು ಯಾವತ್ತೂ ಹಾಲು ಹಲ್ಲಲ್ಲ. ಇದು ಅವಳ ಜೀವಮಾನದ ಹಲ್ಲು" ಅಂದರು.

ಮಕ್ಕಳಿರುವವರು ದಯವಿಟ್ಟು ಇವತ್ತೇ ಹೀಗೆ ಎಣಿಸಿ ನೋಡಿ. ಸುಮಾರು ಆರು ವರ್ಷಕ್ಕೆ ಈ ದವಡೆ ಹಲ್ಲು ಬರುತ್ತದೆ. ಮುಂದಿನ ಹಲ್ಲು ಅಲ್ಲಾಡಿ, ಉದುರಿ, ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆದು, ಆಮೇಲೆ ಹೊಸದು ಬಂದರೆ ಮನೆಗೆಲ್ಲಾ ಗೊತ್ತಾಗುತ್ತದೆ. ಇದು ಯಾವ ಹಲ್ಲನ್ನೂ ಉದುರಿಸದೆ, ಹಾಲು ಹಲ್ಲುಗಳ ಹಿಂದೆ ಖಾಲಿ ಜಾಗದಲ್ಲಿ ಸದ್ದಿಲ್ಲದೆ ಏಳುತ್ತದೆ. ಮೇಲ್ಭಾಗದಲ್ಲಿ ಆಳವಾದ ಗೆರೆಗಳಿರುತ್ತವೆ, ತಿಂದಿದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಏಳುತ್ತಿರುವಾಗ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಶ್ ಅದನ್ನು ಮುಟ್ಟುವುದೇ ಇಲ್ಲ.

ಹುಳುಕು ನರದ ತನಕ ಹೋಗಿತ್ತು. ಈ ಹಲ್ಲಿನ ಬೇರಿನ ತುದಿ ಮುಚ್ಚಿಕೊಳ್ಳುವುದು ಒಂಬತ್ತು–ಹತ್ತು ವರ್ಷಕ್ಕಂತೆ, ಅದಕ್ಕೇ ದೊಡ್ಡವರಿಗೆ ಮಾಡುವ ಹಾಗೆ ನೇರವಾಗಿ ರೂಟ್ ಕೆನಾಲ್ (ಕೆಟ್ಟ ನರ ತೆಗೆದು ಬೇರಿನೊಳಗೆ ತುಂಬಿ ಮುಚ್ಚುವುದು) ಮಾಡಲು ಬರುವುದಿಲ್ಲ. ಮೈಸೂರಿನ ಡೆಂಟಲ್ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಬರೆದುಕೊಟ್ಟರು. ಮಂಡ್ಯದಿಂದ ಸುಮಾರು 45 ಕಿಲೋಮೀಟರ್. ಸ್ಕೂಲ್ ತಪ್ಪಿಸಿ, ರೈಲು ಹತ್ತಿ, ನಾಲ್ಕು ಸಲ ಓಡಾಡಿದೆವು. ಹಲ್ಲು ಉಳಿಯಿತು, ಮೇಲೆ ಸ್ಟೀಲ್ ಕ್ಯಾಪ್ ಕೂತಿದೆ.

ಇದು ಹೇಗಾಯಿತು ಅಂತ ಹುಡುಕಲು ದೂರ ಹೋಗಬೇಕಿರಲಿಲ್ಲ. ನಮ್ಮದು ಕಬ್ಬಿನ ಮನೆ. 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾದಾಗಿನಿಂದ ಮಂಡ್ಯ ಸಕ್ಕರೆಗೆ ಹೆಸರಾದ ಊರು. ನಮಗೆ ಮಾವನ ಕಾಲದಿಂದ ಸ್ವಂತ ಆಲೆಮನೆಯೂ ಇದೆ. ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುವುದು ಮರ್ಯಾದೆ. ಮಗಳು ಸ್ಕೂಲಿಂದ ಬಂದವಳೇ ಆಲೆಮನೆಗೆ ಓಡುತ್ತಿದ್ದಳು. ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿಕೊಟ್ಟರೆ ಸಂಜೆವರೆಗೆ ಚೀಪುತ್ತಾ ಇರುತ್ತಿದ್ದಳು. ನೋಡೋಕೆ ಎಷ್ಟು ಚೆಂದ ಅನ್ನಿಸುತ್ತಿತ್ತು!

ಡಾಕ್ಟರಮ್ಮ ಕೇಳಿದ್ದು ಎಷ್ಟು ಸಿಹಿ ತಿಂತಾಳೆ ಅಂತಲ್ಲ, ದಿನಕ್ಕೆ ಎಷ್ಟು ಸಲ ಅಂತ. ಮನೆಗೆ ಬಂದು ಒಂದು ದಿನ ಬರೆದಿಟ್ಟೆ. ಬೆಳಗ್ಗೆ ಸಕ್ಕರೆ ಹಾಕಿದ ಹಾಲು, ಜೊತೆಗೆ ಬಿಸ್ಕತ್ತು, ಹನ್ನೊಂದಕ್ಕೆ ಸ್ಕೂಲಲ್ಲಿ ಯಾರದೋ ಹುಟ್ಟುಹಬ್ಬದ ಚಾಕೊಲೇಟು, ಮಧ್ಯಾಹ್ನ ಊಟದ ಮೇಲೆ ಬೆಲ್ಲದ ಚೂರು, ಸಂಜೆ ಆಲೆಮನೆ, ಆರು ಗಂಟೆಗೆ ಹಾಲು, ಅಜ್ಜಿ ಕೊಟ್ಟ ಬತ್ತಾಸು, ಮಲಗುವಾಗ ಮತ್ತೆ ಹಾಲು. ಏಳು ಸಲ.

ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರದಿಂದ ಸುಣ್ಣದ ಅಂಶವನ್ನು ಕರಗಿಸುತ್ತದೆ. ಎಂಜಲು ಅದನ್ನು ಸರಿಮಾಡುತ್ತದೆ, ಆದರೆ ಅದಕ್ಕೆ ಅರ್ಧ ಗಂಟೆಯಾದರೂ ಬಿಡುವು ಬೇಕು. ಅಷ್ಟರಲ್ಲಿ ಮತ್ತೊಂದು ಚೂರು ಬಾಯಿಗೆ ಬಿದ್ದರೆ ಮತ್ತೆ ಮೊದಲಿಂದ ಶುರು. ಬೆಲ್ಲದಲ್ಲಿ ಕಬ್ಬಿಣ ಇದೆ, ಸಕ್ಕರೆಗಿಂತ ಒಳ್ಳೇದು ಅಂತ ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಮೈಗೆ ಹೇಗೋ ಏನೋ, ಹಲ್ಲಿಗೆ ಮಾತ್ರ ಎರಡೂ ಒಂದೇ. ಅಂಟುವ ಬೆಲ್ಲ ಇನ್ನೂ ಹೆಚ್ಚು ಹೊತ್ತು ಕಚ್ಚಿಕೊಂಡಿರುತ್ತದೆ.

ಬೆಲ್ಲ ಬೇಯಿಸುವ ಮನೆಯಲ್ಲಿ ಸಿಹಿ ಬೇಡ ಅಂದರೆ ನಡೆಯುತ್ತದಾ? ನಾವು ಬಿಡಿಸಲಿಲ್ಲ, ಹೊತ್ತು ಬದಲಾಯಿಸಿದೆವು. ಸಿಹಿ ಊಟದ ಜೊತೆಗೇ, ದಿನಕ್ಕೆ ಒಂದು ಸಲ, ಜಾಸ್ತಿ ಅಂದರೆ ಎರಡು. ಮಧ್ಯೆ ಹಸಿವಾದರೆ ಕಡಲೆಕಾಯಿ, ಪುರಿ, ಸೌತೆಕಾಯಿ, ಸೀಬೆಹಣ್ಣು. ಹಾಲಿಗೆ ಸಕ್ಕರೆ ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಮಾಡುತ್ತಾ ಬಂದು ಒಂದೂವರೆ ತಿಂಗಳಿಗೆ ನಿಲ್ಲಿಸಿದೆ, ಯಾರಿಗೂ ಗೊತ್ತಾಗಲಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ, ಸಕ್ಕರೆ ಅಚ್ಚು ರಾಶಿ ಬೀಳುತ್ತವೆ ಅಲ್ವಾ, ಅವನ್ನು ಡಬ್ಬಿಗೆ ತುಂಬಿ ಮೇಲಿನ ಕಪಾಟಿಗೆ ಏರಿಸಿ, ಊಟದ ಹೊತ್ತಿಗೆ ಇಳಿಸುತ್ತೇನೆ.

ಇದಕ್ಕಿಂತ ದೊಡ್ಡ ಬದಲಾವಣೆ ರಾತ್ರಿಯದು. ನಮ್ಮ ಮನೆಯಲ್ಲಿ ಹಲ್ಲುಜ್ಜುವುದು ಅಂದರೆ ಬೆಳಗಿನ ಕೆಲಸ. ನಿದ್ದೆಯಲ್ಲಿ ಎಂಜಲು ಊರುವುದು ತುಂಬಾ ಕಮ್ಮಿ, ಬಾಯಿ ಒಣಗಿರುತ್ತದೆ, ಅಂಟಿದ್ದು ಅಂಟಿದ ಹಾಗೇ ಇದ್ದು ರಾತ್ರಿಯೆಲ್ಲಾ ಕೆಲಸ ಮಾಡುತ್ತದೆ. ಹಾಗಾಗಿ ಎರಡು ಹೊತ್ತಿನಲ್ಲಿ ರಾತ್ರಿಯದನ್ನು ತಪ್ಪಿಸಲೇಬಾರದು.

ಮಗಳು ನಾಲ್ಕು ವರ್ಷದಿಂದ ತಾನೇ ಉಜ್ಜಿಕೊಳ್ಳುತ್ತಿದ್ದಳು. ಎಷ್ಟು ಜಾಣೆ ಅಂತ ನಮಗೆಲ್ಲಾ ಹೆಮ್ಮೆ. ಡಾಕ್ಟರಮ್ಮ ಹೇಳಿದ ಮೇಲೆ ಒಂದು ದಿನ ಅವಳು ಉಜ್ಜಿ ಮುಗಿಸಿದ ತಕ್ಷಣ ಬೆರಳು ಹಾಕಿ, ದವಡೆ ಹಲ್ಲಿನ ಬುಡವನ್ನು ಉಗುರಿನಿಂದ ಮೆಲ್ಲಗೆ ಕೆರೆದೆ. ಉಗುರಿನ ತುದಿಗೆ ಬೆಣ್ಣೆಯಂಥ ಬಿಳಿ ಲೋಳೆ ಬಂತು. ಮುಂದಿನ ಆರು ಹಲ್ಲು ಫಳಫಳ, ಹಿಂದೆ ಹಾಗೇ ಇತ್ತು. ಏಳು–ಎಂಟು ವರ್ಷದವರೆಗೆ ಮಕ್ಕಳ ಕೈಗೆ ಆ ಹದ ಬರುವುದಿಲ್ಲ. ಶೂ ಲೇಸ್ ಸರಿಯಾಗಿ ಕಟ್ಟಲು ಬಂದ ಮೇಲೆ ಬ್ರಶ್ ಬಿಟ್ಟುಕೊಡಿ ಅಂದಿದ್ದರು.

ಅವತ್ತಿನಿಂದ ರಾತ್ರಿ ಹೊತ್ತು ನಾನೇ ಉಜ್ಜತೊಡಗಿದೆ. ಬಚ್ಚಲಲ್ಲಿ ಎದುರು ನಿಂತು ಉಜ್ಜಿದರೆ ಏನೂ ಕಾಣುವುದಿಲ್ಲ. ನಾನು ಮಂಚದ ಮೇಲೆ ಗೋಡೆಗೆ ಒರಗಿ ಕೂರುತ್ತೇನೆ, ಅವಳ ತಲೆ ನನ್ನ ತೊಡೆ ಮೇಲೆ, ಮುಖ ಮೇಲಕ್ಕೆ. ಎಡಗೈ ತೋರುಬೆರಳಿನಿಂದ ಕೆನ್ನೆ ಒಳಗಿಂದ ಎಳೆದು ಹಿಡಿದರೆ ಕೊನೇ ಹಲ್ಲು ಕಾಣುತ್ತದೆ. ಬ್ರಶ್ಶಿನ ತಲೆ ಚಿಕ್ಕದಿರಬೇಕು, ಕೂದಲು ಮೆತ್ತಗಿರಬೇಕು. ಶುರು ಮಾಡುವುದೇ ಹಿಂದಿನ ದವಡೆ ಹಲ್ಲಿನಿಂದ, ಯಾಕೆಂದರೆ ಮಕ್ಕಳ ತಾಳ್ಮೆ ಮುಗಿಯುವುದರೊಳಗೆ ಮುಖ್ಯವಾದದ್ದು ಆಗಿಬಿಡಬೇಕು. ಮೊದಲು ಮೇಲ್ಮೈ, ಆಮೇಲೆ ಬ್ರಶ್ ಸ್ವಲ್ಪ ಓರೆ ಮಾಡಿ ಒಸಡು ಹಲ್ಲು ಸೇರುವ ಗೆರೆ. ಒತ್ತಬಾರದು, ಅಲ್ಲಲ್ಲೇ ಸಣ್ಣದಾಗಿ ಆಡಿಸಬೇಕು. ಕೆಳಗಿನ ಸಾಲಿನ ನಾಲಿಗೆ ಕಡೆಯ ಭಾಗ ಎಲ್ಲರೂ ಬಿಡುವ ಜಾಗ. ಒಟ್ಟು ಎರಡು ನಿಮಿಷ. ಮೊದಮೊದಲು ಮೊಬೈಲಲ್ಲಿ ಟೈಮರ್ ಇಟ್ಟಾಗಲೇ ಎರಡು ನಿಮಿಷ ಎಷ್ಟು ಉದ್ದ ಅಂತ ತಿಳಿದಿದ್ದು.

ಮೊದಲ ವಾರ ಅತ್ತಳು, ಬೆರಳು ಕಚ್ಚಿದಳು. ನಾನು ಮಲಗುವ ಹೊತ್ತಿಗೆ ಉಜ್ಜಲು ಹೋಗುತ್ತಿದ್ದೆ, ಆಗ ನಿದ್ದೆಗಣ್ಣು. ಊಟ ಆದ ಮೇಲೆ ತಟ್ಟೆ ಎತ್ತಿಟ್ಟು ಉಜ್ಜುವುದು, ಆಮೇಲೆ ನೀರು ಬಿಟ್ಟು ಏನೂ ಇಲ್ಲ ಅಂತ ಮಾಡಿದೆ. ಜಗಳ ನಿಂತಿತು.

ಪೇಸ್ಟ್ ವಿಷಯದಲ್ಲೂ ತಪ್ಪು ಮಾಡಿದ್ದೆ. ಜಾಹೀರಾತಿನಲ್ಲಿ ಬ್ರಶ್ ಉದ್ದಕ್ಕೂ ಸುರುಳಿ ಸುರುಳಿಯಾಗಿ ಹಾಕುತ್ತಾರಲ್ಲ, ಅಷ್ಟು ಬೇಡವೇ ಬೇಡ. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಮಕ್ಕಳು ನುಂಗುತ್ತಾರೆ, ಅದಕ್ಕೇ ಈ ಲೆಕ್ಕ. ಆದರೆ ಪೇಸ್ಟಿನಲ್ಲಿ ಹಲ್ಲನ್ನು ಹುಳುಕಿನಿಂದ ಕಾಯುವ ಫ್ಲೋರೈಡ್ ಇರಬೇಕು. ಪೆಟ್ಟಿಗೆ ಮೇಲೆ 1000 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು) ಅಂತ ಇದೆಯಾ ನೋಡಿ ತಗೊಳ್ಳುತ್ತೇನೆ. ನಾವು ವರ್ಷಗಟ್ಟಲೆ ಬಳಸಿದ್ದ ಪೇಸ್ಟಿನಲ್ಲಿ ಅದು ಇರಲೇ ಇಲ್ಲ. ಉಜ್ಜಿದ ಮೇಲೆ ಉಗಿಯಬೇಕು ಅಷ್ಟೇ, ನೀರು ಹಾಕಿ ಮುಕ್ಕಳಿಸಬಾರದು. ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ಇದು ನಮ್ಮ ಮನೆಯವರಿಗೆ ತೀರಾ ಕಷ್ಟವಾಯಿತು, ಬಾಯಿ ತೊಳೆಯದಿದ್ದರೆ ಅದೇನು ಶುದ್ಧ ಅಂತ. ರೂಢಿಯಾಗಲು ಒಂದು ತಿಂಗಳು ಬೇಕಾಯಿತು.

ಇದೆಲ್ಲಾ ಶುರುವಾಗುವ ಹೊತ್ತಿಗೆ ನಾನು ಎರಡನೇ ಸಲ ಬಸುರಿ. ನನ್ನ ಒಸಡು ಊದಿಕೊಂಡು, ಬ್ರಶ್ ತಾಗಿದರೆ ರಕ್ತ ಬರುತ್ತಿತ್ತು. ರಕ್ತ ಬರುವ ಕಡೆ ಉಜ್ಜದೇ ಬಿಡುತ್ತಿದ್ದೆ. ಅದೇ ತಪ್ಪು. ಬಸುರಿಯಲ್ಲಿ ಹಾರ್ಮೋನಿನಿಂದ ಒಸಡು ಬೇಗ ಊದುತ್ತದೆ ನಿಜ, ಆದರೆ ಕೆರಳಿಸುವುದು ಅಲ್ಲಿ ಕೂತ ಆ ಬಿಳಿ ಲೋಳೆ. ಅದು ಗಟ್ಟಿಯಾಗಿ ಕಲ್ಲು ಕಟ್ಟಿದರೆ ಬ್ರಶ್ಶಿಗೆ ಬರುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅಂತ ಎಷ್ಟೋ ಜನ ಹೆದರಿಸಿದ್ದರು. ಕಲ್ಲು ಹೋದ ಮೇಲೆ ಸಂದು ಖಾಲಿ ಖಾಲಿ ಅನ್ನಿಸಿತು ಅಷ್ಟೇ. ಎರಡು ವಾರಕ್ಕೆ ರಕ್ತ ನಿಂತಿತು. ಈಗ ರಾತ್ರಿ ಸಂದಿನ ಬ್ರಶ್ಶನ್ನೂ ಬಳಸುತ್ತೇನೆ, ಬಾಟಲಿ ತೊಳೆಯುವ ಬ್ರಶ್ಶನ್ನು ತೀರಾ ಚಿಕ್ಕದು ಮಾಡಿದ ಹಾಗಿರುತ್ತದೆ. ನಮ್ಮೆಜಮಾನರು ಇದ್ದಿಲು ಪುಡಿಯಲ್ಲಿ ಗಸಗಸ ತಿಕ್ಕಿ ತಿಕ್ಕಿ ಹಲ್ಲಿನ ಬುಡ ಸವೆಸಿಕೊಂಡಿದ್ದರು, ತಣ್ಣೀರು ಕುಡಿಯಲು ಆಗುತ್ತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ, ಸಕ್ಕರೆ ಏರಿದರೆ ಒಸಡು ಕೆಡುತ್ತದೆ ಅಂತ ತಿಳಿದ ಮೇಲೆ ಅವರೂ ಆರು ತಿಂಗಳಿಗೊಮ್ಮೆ ತೋರಿಸುತ್ತಾರೆ.

ಮಗನಿಗೆ ಮೊದಲ ಹಲ್ಲು ಕಂಡ ದಿನವೇ ಅಕ್ಕಿ ಕಾಳಿನಷ್ಟು ಪೇಸ್ಟ್ ಶುರು ಮಾಡಿದೆ. ಬಾಟಲಿ ಬಾಯಲ್ಲಿಟ್ಟು ಮಲಗಿಸಲಿಲ್ಲ. ಒಂದು ವರ್ಷಕ್ಕೆ ಡಾಕ್ಟರಮ್ಮನಿಗೆ ತೋರಿಸಿದೆ, ಮೂರರ ಮೇಲೆ ಆರಾರು ತಿಂಗಳಿಗೆ ಫ್ಲೋರೈಡ್ ಲೇಪ ಹಚ್ಚಿಸುತ್ತಿದ್ದೇನೆ.

ಅತ್ತೆಯ ವಿಷಯ ಹೇಳಲೇಬೇಕು. ಮಗುವನ್ನು ತೋರಿಸಲು ಹೋದಾಗ ಅವರೂ ಜೊತೆಗೆ ಬಂದಿದ್ದರು. ಡಾಕ್ಟರಮ್ಮ ಅವರ ತುಟಿ ನೋಡಿಯೇ "ಅಜ್ಜಿ, ನಿಮ್ಮ ಮೂರು ಬೆರಳು ಒಂದರ ಮೇಲೊಂದು ಬರೋ ಹಾಗೆ ಬಾಯೊಳಗೆ ಇಡಿ ನೋಡೋಣ" ಅಂದರು. ಎರಡು ಬೆರಳು ಹೋದವು. ಮೂರನೆಯದು ಹೋಗಲಿಲ್ಲ. ಅತ್ತೆ ನಕ್ಕು ಮತ್ತೆ ಪ್ರಯತ್ನ ಮಾಡಿದರು, ಆಗಲಿಲ್ಲ. ಖಾರ ಉರಿ ಅಂತ ಒಂದು ವರ್ಷದಿಂದ ಸಾರಿಗೆ ಮಜ್ಜಿಗೆ ಬೆರೆಸಿಕೊಳ್ಳುತ್ತಿದ್ದುದು ನನಗೆ ಆಗ ನೆನಪಾಯಿತು. ಕೆನ್ನೆ ಒಳಗಿನ ಚರ್ಮ ನಾರು ಕಟ್ಟಿ ಬಿಗಿದಿತ್ತು. ಅದನ್ನು ಮಾಡುವುದು ಅಡಿಕೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ತಾಂಬೂಲ ಇಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯವೂ ಇಲ್ಲ, ಇದನ್ನು ಬರೆಯುವಾಗ ನನಗೂ ಸಂಕಟವೇ. ಆದರೂ ಹೇಳುತ್ತೇನೆ. ಬಾಯಲ್ಲಿ ಬಿಳಿ ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲೂ ಹಲ್ಲಿನ ಡಾಕ್ಟರ್ ಇರುತ್ತಾರೆ.

ಅತ್ತೆ ಎಲೆ ಅಡಿಕೆ ಚೀಲವನ್ನು ನನ್ನ ಕೈಗೆ ಕೊಟ್ಟರು. ಬಿಡಲು ಮೂರು ತಿಂಗಳು ಒದ್ದಾಡಿದರು. ಬಾಯಿಗೆ ಸೋಂಪಿನ ಕಾಳು ಕೊಡುತ್ತಿದ್ದೆ. ಕಟ್ಟಿದ ನಾರು ಪೂರ್ತಿ ಬಿಡುವುದಿಲ್ಲ. ಉರಿ ಕಮ್ಮಿಯಾಗಿದೆ, ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತೇವೆ.

ಮಗನಿಗೆ ಈಗ ಆರು ತುಂಬುತ್ತಾ ಬಂತು. ಪ್ರತಿ ಭಾನುವಾರ ರಾತ್ರಿ ಅವನನ್ನು ತೊಡೆ ಮೇಲೆ ಮಲಗಿಸಿಕೊಂಡು ಐದನೇ ಹಲ್ಲಿನ ಹಿಂದೆ ನೋಡುತ್ತೇನೆ. ಕಳೆದ ವಾರ ಅತ್ತೆಯೇ ಟಾರ್ಚ್ ಹಿಡಿದಿದ್ದರು. ಕೆಳಗೆ ಎಡಗಡೆ ಒಸಡಿನ ಮಧ್ಯೆ ಅಕ್ಕಿ ನುಚ್ಚಿನಂಥ ಎರಡು ಬಿಳಿ ಮೊನೆ ಕಂಡವು. "ಬಂತು ಕಣವ್ವ ಆರನೇದು" ಅಂದರು ಅತ್ತೆ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಪೂರ್ತಿ ಮೇಲೆ ಬಂದ ಮೇಲೆ ಅದರ ಗೆರೆಗಳನ್ನು ಸೀಲೆಂಟ್ ಅನ್ನುವ ತೆಳು ಲೇಪ ಹಾಕಿ ಮುಚ್ಚುತ್ತಾರಂತೆ, ಕೊರೆಯುವುದಿಲ್ಲ, ನೋವಿಲ್ಲ. ಅಲ್ಲಿಯವರೆಗೆ ಬ್ರಶ್ಶನ್ನು ಅಡ್ಡ ಹಿಡಿದು, ಕೆನ್ನೆ ಕಡೆಯಿಂದ ಒಳಕ್ಕೆ ತಂದು ಆ ಒಂದು ಹಲ್ಲನ್ನು ಬೇರೆಯಾಗಿ ಉಜ್ಜಬೇಕು. ನಿನ್ನೆ ರಾತ್ರಿ ಉಜ್ಜಿದೆ.