ನಾಯಿಮರಿಗೆ ಒಣ ಆಹಾರ: ಮೊದಲು ಚೀಲದ ಬೆನ್ನು ತಿರುಗಿಸಿ ನೋಡಿ

ಮರಿ ಬಂತೆಂಬ ಸಂಭ್ರಮದಲ್ಲಿ ಅಂಗಡಿಗೆ ಹೋಗಿ ಹತ್ತು ಕಿಲೋ ಚೀಲ ಹೊತ್ತು ತರಬೇಡಿ. ಕಿಲೋ ಲೆಕ್ಕದಲ್ಲಿ ಅಗ್ಗ ಬೀಳುತ್ತದೆ, ನಿಜ. ಆದರೆ ನಮ್ಮ ಶಿರಸಿ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಗೋಡೆಯೇ ಬೆವರುತ್ತದೆ. ಘಟ್ಟದ ಕೆಳಗೆ ಕುಮಟಾ, ಕಾರವಾರದವರಿಗಂತೂ ಬೇಸಿಗೆಯಲ್ಲೂ ಕಡಲ ಗಾಳಿಯ ತೇವ ತಪ್ಪಿದ್ದಲ್ಲ. ಒಡೆದ ಚೀಲ ಇಂಥ ಹವೆಯಲ್ಲಿ ತಿಂಗಳುಗಟ್ಟಲೆ ಕೂತರೆ ಒಳಗಿನ ಕೊಬ್ಬು ಕಮಟಾಗುತ್ತದೆ, ಕಾಳು ಬೂಷ್ಟು ಹಿಡಿಯುತ್ತದೆ. ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಮರಿಯ ಲಿವರಿಗೇ ಕುತ್ತು. ಮೇಲಿನದನ್ನು ತೆಗೆದು ಉಳಿದದ್ದನ್ನು ಬಿಸಿಲಿಗೆ ಹಾಕಿದರಾಯಿತು ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ, ಇಡೀ ಚೀಲ ಎಸೆಯಬೇಕು. ಹಾಗಾಗಿ ಒಂದು ತಿಂಗಳಲ್ಲಿ ಮುಗಿಯುವಷ್ಟು ಸಣ್ಣ ಚೀಲವನ್ನೇ ತನ್ನಿ. ದೊಡ್ಡ ಚೀಲ ಒಡೆದು ತೂಗಿ ಕೊಡುವ ಅಂಗಡಿಯಿಂದ ಬಿಡಿ ಕಾಳು ಬೇಡವೇ ಬೇಡ. ಅದು ಯಾವ ತಿಂಗಳಲ್ಲಿ ತಯಾರಾದದ್ದು, ಎಷ್ಟು ದಿನದಿಂದ ಬಾಯಿ ತೆರೆದಿದೆ ಎಂಬುದು ಅಂಗಡಿಯವನಿಗೂ ನೆನಪಿರುವುದಿಲ್ಲ.

ಚೀಲದ ಮುಂದೆ ಹೊಳೆಯುವ ಕೂದಲಿನ ನಾಯಿಯ ಚಿತ್ರವಿರುತ್ತದೆ. ಅದನ್ನು ನೋಡಿ ಆಗುವುದೇನೂ ಇಲ್ಲ. ಹಿಂದೆ ತಿರುಗಿಸಿ, ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿ. ಮೊದಲು ನೋಡಬೇಕಾದದ್ದು ‘ಪಪ್ಪಿ’ ಎಂದೋ ‘ಎಲ್ಲ ವಯಸ್ಸಿನ ನಾಯಿಗೆ’ ಎಂದೋ ಇದೆಯೇ, ಜೊತೆಗೆ ‘ಸಂಪೂರ್ಣ ಆಹಾರ’ ಎಂದಿದೆಯೇ ಎಂದು. ದೊಡ್ಡ ನಾಯಿಯ ಆಹಾರ ಮರಿಗೆ ಸಾಲದು. ಪ್ರಾಣಿ ಆಹಾರದ ಗುಣಮಟ್ಟ ಗೊತ್ತುಮಾಡುವ ಅಮೆರಿಕದ ಆಫ್ಕೋ (AAFCO) ಸಂಘದ ಮಾನದಂಡದಲ್ಲಿ ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ ಬೆಳೆಯುವ ಮರಿಗೆ ಕನಿಷ್ಠ 22.5 ಶೇಕಡಾ ಪ್ರೋಟೀನ್, 8.5 ಶೇಕಡಾ ಕೊಬ್ಬು ಬೇಕು. ಬೆಳೆದ ನಾಯಿಗೆ 18 ಮತ್ತು 5.5 ಸಾಕು. ಆಮೇಲೆ ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಕೋಳಿ, ಮೀನು, ಮೊಟ್ಟೆ ಮೊದಲ ಒಂದೆರಡು ಹೆಸರಲ್ಲಿ ಕಾಣಬೇಕು. ಇಲ್ಲೊಂದು ಜಾಣತನವಿದೆ, ಗಮನಿಸಿ: ಅಕ್ಕಿ, ಅಕ್ಕಿ ನುಚ್ಚು, ಅಕ್ಕಿ ತೌಡು ಎಂದು ಒಂದೇ ಧಾನ್ಯವನ್ನು ಮೂರು ಹೆಸರಲ್ಲಿ ಒಡೆದು ಬರೆದರೆ ಪ್ರತಿಯೊಂದೂ ಕೆಳಗಿಳಿದು ಕೋಳಿ ಮೇಲೆ ಬಂದು ಕೂರುತ್ತದೆ. ಮೂರನ್ನೂ ಕೂಡಿಸಿ ನೋಡಿದರೆ ಚೀಲದಲ್ಲಿರುವುದು ಹೆಚ್ಚೂಕಮ್ಮಿ ಅಕ್ಕಿಯೇ. ‘ಚಿಕನ್ ಮೀಲ್’ ಎಂದರೆ ಹೆದರಬೇಕಿಲ್ಲ, ಅದು ನೀರಾರಿಸಿದ ಕೋಳಿ ಪುಡಿ. ಹಸಿ ಕೋಳಿಯ ತೂಕದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇರುತ್ತದೆ. ಕೆಂಪು, ಹಸಿರು ಬಣ್ಣದ ಕಾಳು ನಮ್ಮ ಕಣ್ಣಿಗಾಗಿ ಮಾಡಿದ್ದು, ಮರಿಗೆ ಅದರಿಂದ ಆಗಬೇಕಾದದ್ದಿಲ್ಲ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ಜಾತಿಯ ಮರಿಯಾದರೆ ‘ಲಾರ್ಜ್ ಬ್ರೀಡ್ ಪಪ್ಪಿ’ ಎಂದು ಬರೆದದ್ದನ್ನೇ ಕೊಡಿ. ಅದರಲ್ಲಿ ಕ್ಯಾಲ್ಸಿಯಂ 1.8 ಶೇಕಡಾ ಮೀರುವಂತಿಲ್ಲ. ಕ್ಯಾಲ್ಸಿಯಂ ಜಾಸ್ತಿಯಾದರೆ ಎಲುಬು ಗಟ್ಟಿಯಾಗುವುದಿಲ್ಲ, ಸೊಟ್ಟಾಗುತ್ತದೆ. ಪಕ್ಕದ ಮನೆಯವರು ಹೇಳಿದರೆಂದು ಡಾಕ್ಟರನ್ನು ಕೇಳದೆ ಕ್ಯಾಲ್ಸಿಯಂ ಸಿರಪ್ಪು ಸುರಿಯುವವರಿದ್ದಾರಲ್ಲ, ಅವರಿಗೆ ಇದನ್ನು ಎರಡು ಸಲ ಓದಿ ಹೇಳಿ.

ನಮ್ಮಲ್ಲಿ ಮಾಂಸ ಒಳಗೆ ಬಾರದ ಮನೆಗಳೂ ಇವೆ. ಮರಿಗೆ ಬರೀ ಅನ್ನ-ಮಜ್ಜಿಗೆ ಹಾಕಿ ಸಾಕುವುದಕ್ಕಿಂತ ಕಾಳಿನ ಡಬ್ಬವನ್ನು ಜಗಲಿಯ ಮೂಲೆಯಲ್ಲಿಟ್ಟು ಅಲ್ಲೇ ಬಡಿಸುವುದು ಮೇಲು. ಸಸ್ಯಾಹಾರಿ ಚೀಲವೇ ಬೇಕೆಂದರೆ ಪಶುವೈದ್ಯರನ್ನು ಕೇಳಿಯೇ ತನ್ನಿ. ಕರಾವಳಿಯವರು ಬಂಗಡೆ, ತಾರ್ಲೆ ಬೇಯಿಸಿ ಮುಳ್ಳು ಬಿಡಿಸಿ ಒಂಚೂರು ಮೇಲೆ ಹಾಕಿದರೆ ತಪ್ಪಿಲ್ಲ. ಆದರೆ ಉಪ್ಪು ಹಾಕಿದ ಒಣಮೀನು, ಈರುಳ್ಳಿ-ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕಲೇಟು ಮರಿಯ ಬಾಯಿಗೆ ಬೀಳಬಾರದು.

ತಂದ ದಿನವೇ ಹೊಸದನ್ನು ತುಂಬಿಸಿ ಕೊಟ್ಟರೆ ಭೇದಿ ಶುರುವಾಗುತ್ತದೆ. ಹಿಂದಿನ ಮನೆಯಲ್ಲಿ ಏನು ತಿನ್ನುತ್ತಿತ್ತು ಎಂದು ಕೇಳಿ ಅದನ್ನೇ ಸ್ವಲ್ಪ ತಂದುಕೊಳ್ಳಿ. ಮೊದಲೆರಡು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ವಾರ ಹತ್ತು ದಿನದಲ್ಲಿ ಬದಲಾಯಿಸಿ. ಎರಡು ತಿಂಗಳ ಮರಿಯ ಹಲ್ಲು ಎಳೆಯದು, ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ ಕೊಡಿ. ಹಾಲು ಬೇಡ, ಎಷ್ಟೋ ಮರಿಗಳಿಗೆ ಹಸುವಿನ ಹಾಲು ಅರಗುವುದಿಲ್ಲ. ನೆನೆಸಿದ್ದು ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ಎತ್ತಿಬಿಡಿ. ಇರುವೆ ಕಾಟವಿದ್ದರೆ ಬಟ್ಟಲನ್ನು ನೀರು ಹಾಕಿದ ತಟ್ಟೆಯೊಳಗಿಟ್ಟರೆ ಆಯಿತು.

ಅಳತೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಚೀಲದ ಮೇಲಿನ ಗ್ರಾಂ ಲೆಕ್ಕ ಇಡೀ ದಿನದ್ದು, ಒಂದು ಹೊತ್ತಿನದ್ದಲ್ಲ. ಕೆಲವು ಚೀಲದಲ್ಲಿ ತೂಕ ಎಂದರೆ ಈಗಿನ ತೂಕವಲ್ಲ, ದೊಡ್ಡದಾದ ಮೇಲಿನ ತೂಕ. ಅದನ್ನೂ ಓದಿಕೊಳ್ಳಿ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ಒಂದು ಲೋಟಕ್ಕೆ ಗುರುತು ಹಾಕಿ, ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು-ನಾಲ್ಕು ಪಾಲು ಮಾಡಿ. ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು.

ಕಾಳನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿಯಬೇಡಿ. ಹಳೆಯ ಎಣ್ಣೆ ಡ್ರಮ್ಮಿನ ಗೋಡೆಗೆ ಹತ್ತಿಕೊಂಡು ಹೊಸದನ್ನೂ ಕೆಡಿಸುತ್ತದೆ. ಚೀಲದ ಸಮೇತ, ಬಾಯಿ ಬಿಗಿಯಾಗಿ ಮಡಚಿ, ಮಳೆಗಾಲದ ಹಪ್ಪಳದಂತೆ ಗಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ಬಚ್ಚಲೊಲೆಯ ಹತ್ತಿರ ಬೇಡ. ವಾರಕ್ಕೊಮ್ಮೆ ಮೂಸಿ ನೋಡಿ, ಹಳೆ ಕೊಬ್ಬರಿ ಎಣ್ಣೆಯ ಕಮಟು ಬಂದರೆ ಮರಿಗೆ ಕೊಡಬೇಡಿ.

ಇಷ್ಟಾದರೂ ಮಲ ಗಟ್ಟಿಯಾಗದೆ, ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿದ್ದರೆ ಚೀಲ ಬದಲಾಯಿಸುವ ಮೊದಲು ಪಶು ಆಸ್ಪತ್ರೆಗೆ ಒಯ್ದು ಜಂತಿನ ಔಷಧಿ ಹಾಕಿಸಿ. ಹೋಗುವಾಗ ಸ್ವಲ್ಪ ಮಲವನ್ನು ಡಬ್ಬಿಯಲ್ಲಿ ಒಯ್ದರೆ ಪರೀಕ್ಷೆ ಅಲ್ಲೇ ಆದೀತು.