ಆಫ್-ರೋಡ್ ವಾಹನವೋ, ಸಾಮಾನ್ಯ ಕಾರೋ: ಆರಾಮ ಮತ್ತು ಭರವಸೆಯನ್ನು ಪರೀಕ್ಷಿಸುವ ಬಗೆ

ಆಫ್-ರೋಡ್ ವಾಹನ ಕಾರಿಗಿಂತ ಗಟ್ಟಿ, ಗಟ್ಟಿಯಾದದ್ದು ಸುಲಭಕ್ಕೆ ಕೆಡುವುದಿಲ್ಲ ಎಂದು ನಂಬಿ ಕೊಳ್ಳಲು ಹೊರಡುವವರು ಬಹಳ ಮಂದಿ. ಈ ಮಾತಿನ ಮೊದಲರ್ಧ ಮಾತ್ರ ನಿಜ. ಕಲ್ಲುಬಂಡೆಗಳ ಮೇಲೆ ಹತ್ತಿಳಿದರೂ ಮುರಿಯದ ಚಾಸಿ (ವಾಹನದ ಭಾರ ಹೊರುವ ಅಡಿಚೌಕಟ್ಟು) ಇರುವುದು ಬೇರೆ, ವರ್ಷಗಟ್ಟಲೆ ತೊಂದರೆ ಕೊಡದೆ ಓಡುವುದು ಬೇರೆ. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.

ಮೊದಲು ವಾಹನದ ಅಡಿಭಾಗವನ್ನು ನೋಡಿ. ಎರಡು ಉದ್ದನೆಯ ಉಕ್ಕಿನ ತೊಲೆಗಳನ್ನು ಏಣಿಯಂತೆ ಅಡ್ಡಪಟ್ಟಿಗಳಿಂದ ಜೋಡಿಸಿ, ಅದರ ಮೇಲೆ ಬಾಡಿಯನ್ನು ರಬ್ಬರ್ ಬುಷ್‌ಗಳ ಮೂಲಕ ಬೋಲ್ಟ್ ಮಾಡಿದ್ದರೆ ಅದು ಲ್ಯಾಡರ್ ಫ್ರೇಮ್. ಬಾಡಿಯೇ ಭಾರವನ್ನೆಲ್ಲ ಹೊರುವಂತಿದ್ದರೆ ಮೊನೊಕಾಕ್. ಇಂದಿನ ಕಾರುಗಳಲ್ಲಿ ಬಹುಪಾಲು ಎರಡನೆಯ ಬಗೆಯವು. ಹೊರನೋಟದಿಂದ ಇದನ್ನು ತೀರ್ಮಾನಿಸಲಾಗದು: 1977ರಲ್ಲಿ ಬಂದ ಲಾಡಾ ನಿವಾ ಅಪ್ಪಟ ಆಫ್-ರೋಡ್ ವಾಹನವಾದರೂ ಅದಕ್ಕೆ ಪ್ರತ್ಯೇಕ ಚಾಸಿ ಇರಲಿಲ್ಲ, ಆದರೆ ಪುಟ್ಟದಾಗಿ ಕಾಣುವ ಸುಜುಕಿ ಜಿಮ್ನಿ ಇಂದಿಗೂ ಲ್ಯಾಡರ್ ಫ್ರೇಮ್ ಮೇಲೆಯೇ ನಿಂತಿದೆ.

ಪ್ರಯಾಣದ ಆರಾಮವನ್ನು ಚಾಸಿಗಿಂತ ಹೆಚ್ಚಾಗಿ ನಿರ್ಧರಿಸುವುದು ಆಕ್ಸಲ್. ಎಡ ಬಲ ಚಕ್ರಗಳನ್ನು ಒಂದೇ ದಪ್ಪ ತೊಲೆಗೆ ಕಟ್ಟಿದ ಸಾಲಿಡ್ ಆಕ್ಸಲ್‌ನಲ್ಲಿ, ಎಡಚಕ್ರ ಕಲ್ಲು ಹತ್ತಿದರೆ ಆ ಏಟು ಬಲಚಕ್ರಕ್ಕೂ ತಲುಪುತ್ತದೆ. ಜೊತೆಗೆ ತೊಲೆಯ ತೂಕವೆಲ್ಲ ಸ್ಪ್ರಿಂಗ್‌ನ ಕೆಳಗೇ ಇರುವುದರಿಂದ, ಚಕ್ರದೊಂದಿಗೆ ಕುಣಿಯುವ ಭಾರ ಹೆಚ್ಚು. ಇದೇ ವ್ಯವಸ್ಥೆ ಬಂಡೆಗಳ ನಡುವೆ ವರವಾಗುತ್ತದೆ: ಒಂದು ಚಕ್ರ ಮೇಲೇರಿದಾಗ ಇನ್ನೊಂದು ನೆಲಕ್ಕೆ ಒತ್ತಿಕೊಳ್ಳುತ್ತದೆ. ಜೀಪ್ ರಾಂಗ್ಲರ್ ಮುಂದೆಯೂ ಹಿಂದೆಯೂ ಸಾಲಿಡ್ ಆಕ್ಸಲ್ ಉಳಿಸಿಕೊಂಡಿರುವುದು ಇದಕ್ಕಾಗಿಯೇ.

ಟೆಸ್ಟ್ ಡ್ರೈವ್ ಮಾಡುವಾಗ ಚಾಲಕನ ಸೀಟಿನಲ್ಲಷ್ಟೇ ಕೂತು ಎದ್ದುಬರಬೇಡಿ. ಬೇರೆಯವರಿಗೆ ಚಾಲನೆ ಒಪ್ಪಿಸಿ, ಕಿತ್ತುಹೋದ ಡಾಂಬರು ರಸ್ತೆಯಲ್ಲಿ ಹತ್ತು ನಿಮಿಷವಾದರೂ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಿ. ಒಂದೇ ಬದಿಯ ಚಕ್ರ ಗುಂಡಿಗೆ ಇಳಿದಾಗ ನಿಮ್ಮ ತಲೆ ಎಡಕ್ಕೂ ಬಲಕ್ಕೂ ಎಷ್ಟು ಓಲಾಡುತ್ತದೆ ಎಂಬುದನ್ನು ಗಮನಿಸಿ. ಎತ್ತರದ ವಾಹನಗಳಲ್ಲಿ ದೂರದ ಪ್ರಯಾಣದ ದಣಿವಿಗೆ ಈ ಓಲಾಟವೂ ಒಂದು ಕಾರಣ. ವಯಸ್ಸಾದವರು ಮನೆಯಲ್ಲಿದ್ದರೆ ಅವರನ್ನೂ ಕರೆದೊಯ್ದು ಹತ್ತಿಸಿ ಇಳಿಸಿ ನೋಡಿ. ಹೆದ್ದಾರಿಯ ವೇಗದಲ್ಲಿ ಸ್ಟೀರಿಂಗನ್ನು ನೇರವಾಗಿ ಹಿಡಿದಿದ್ದರೂ ಪದೇ ಪದೇ ತಿದ್ದಬೇಕಾಗುತ್ತದೆಯೇ ಎಂಬುದೂ ಮುಖ್ಯ. ಗುಂಯ್‌ಗುಟ್ಟುವ ಸದ್ದು ಕೇಳಿದರೆ ವಾಹನವನ್ನು ದೂರುವ ಮೊದಲು ಟೈರ್ ನೋಡಿ: ಕೆಸರಿಗೆಂದೇ ಮಾಡಿದ ದೊಡ್ಡ ರಬ್ಬರ್ ಉಬ್ಬುಗಳ ಮಡ್ ಟೆರೇನ್ ಟೈರ್ ಡಾಂಬರಿನ ಮೇಲೆ ಸದ್ದು ಮಾಡುವುದಲ್ಲದೆ, ಒದ್ದೆ ರಸ್ತೆಯಲ್ಲಿ ಸಾಮಾನ್ಯ ಟೈರಿನಷ್ಟು ಹಿಡಿತವನ್ನೂ ಕೊಡುವುದಿಲ್ಲ.

ಹಾಗೆಂದು ಕಾರೇ ಎಲ್ಲೆಡೆ ಆರಾಮ ಎನ್ನುವಂತಿಲ್ಲ. ಗುಂಡಿ ತುಂಬಿದ ಮಣ್ಣಿನ ದಾರಿಯಲ್ಲಿ, ತೆಳುಪಕ್ಕೆಯ ಟೈರಿನ ಕಾರಿಗಿಂತ ದಪ್ಪಪಕ್ಕೆಯ ಟೈರೂ ಧಾರಾಳವಾಗಿ ಮೇಲೆ ಕೆಳಗೆ ಚಲಿಸುವ ಸಸ್ಪೆನ್ಷನ್ನೂ ಇರುವ ಆಫ್-ರೋಡ್ ವಾಹನ ಎಷ್ಟೋ ಮೃದು. ನಿಮ್ಮ ಒಂದು ವರ್ಷದ ಓಡಾಟದಲ್ಲಿ ಅಂಥ ದಾರಿಯ ದಿನಗಳು ಎಷ್ಟು ಎಂದು ಬರೆದುಕೊಳ್ಳಿ. ಎಣಿಕೆ ಬೆರಳುಗಳಲ್ಲಿ ಮುಗಿದರೆ, ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಅಡಿಭಾಗದ ಎತ್ತರ) ಸ್ವಲ್ಪ ಹೆಚ್ಚಿರುವ ಮೊನೊಕಾಕ್ ಕಾರು ಸಾಕೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಭರವಸೆಯ ವಿಷಯ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ಉರುಳಲು ಬಿಡುವ ಗೇರ್ ಜೋಡಣೆ) ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಫೋರ್ ವೀಲ್ ಡ್ರೈವ್ ವಾಹನದಲ್ಲಾದರೋ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದೊಂದು ಹಿಂದೊಂದು ಡಿಫರೆನ್ಷಿಯಲ್, ಆ ಬಲವನ್ನು ಆಕ್ಸಲ್‌ಗಳಿಗೆ ಒಯ್ಯುವ ಎರಡು ಪ್ರೊಪೆಲ್ಲರ್ ಶಾಫ್ಟ್, ಅವುಗಳ ಜಾಯಿಂಟ್‌ಗಳು ಸೇರಿಕೊಳ್ಳುತ್ತವೆ. ಇವು ದುರ್ಬಲವೇನಲ್ಲ, ಆದರೆ ಪ್ರತಿಯೊಂದಕ್ಕೂ ಅದರದೇ ಆಯಿಲ್ ಅಥವಾ ಗ್ರೀಸ್, ಅದರದೇ ಸೀಲ್ ಇದೆ. ಎಂಜಿನ್ ಆಯಿಲ್ ಮಾತ್ರ ಬದಲಿಸಿ ಉಳಿದವನ್ನು ಮರೆತರೆ ಎಂಥ ಗಟ್ಟಿ ವಾಹನವೂ ಕೈಕೊಡುತ್ತದೆ. ಮುಂದಿನ ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ಹೊಂದಿಸುವ ಸೆಂಟರ್ ಡಿಫರೆನ್ಷಿಯಲ್ ಇಲ್ಲದ ಪಾರ್ಟ್-ಟೈಮ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವ) ವಾಹನವನ್ನು ಒಣ ಡಾಂಬರಿನ ಮೇಲೆ ನಾಲ್ಕು ಚಕ್ರದ ಬಲದಲ್ಲಿ ಓಡಿಸಲೇಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಆ ವ್ಯತ್ಯಾಸ ಮಣ್ಣಿನಲ್ಲಿ ಚಕ್ರ ಜಾರುವುದರಿಂದ ಕಳೆದುಹೋಗುತ್ತದೆ, ಡಾಂಬರಿನಲ್ಲಿ ಶಾಫ್ಟ್ ಮತ್ತು ಗೇರ್‌ಗಳನ್ನು ತಿರುಚುತ್ತದೆ.

ನೀರು ದಾಟಿದ ಮೇಲಿನ ತಪಾಸಣೆಯನ್ನಂತೂ ಮುಂದೂಡಬೇಡಿ. ಡಿಫರೆನ್ಷಿಯಲನ್ನು ಒಳಗಿಟ್ಟುಕೊಂಡ ಟೊಳ್ಳು ಆಕ್ಸಲ್ ಓಡಿ ಬಿಸಿಯಾಗಿ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಹಳೆಯ ಸೀಲ್ ಅಥವಾ ಉಸಿರಾಟದ ಕೊಳವೆಯ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಒಮ್ಮೆ ಮೊಣಕಾಲುದ್ದದ ಹಳ್ಳ ದಾಟಿ ಬಂದು, ನೋಡೋಣವೆಂದು ನಾನು ಕೆಲವು ವಾರ ಸುಮ್ಮನಿದ್ದೆ. ಹಿಂದಿನ ಡಿಫರೆನ್ಷಿಯಲ್‌ನಿಂದ ಕೀರಲು ದನಿ ಕೇಳತೊಡಗಿದ ಮೇಲೆ ಬೋಲ್ಟ್ ಬಿಚ್ಚಿದರೆ, ಸುರಿದದ್ದು ಹಾಲು ಬೆರೆತಂತೆ ಬಿಳಿಚಿಕೊಂಡ ಆಯಿಲ್. ಅಷ್ಟರಲ್ಲಿ ಬೇರಿಂಗ್ ಸವೆದಿತ್ತು. ಅಂದಿನಿಂದ ನೀರಿಗಿಳಿದ ಮರುದಿನವೇ ಆಯಿಲ್ ಬಣ್ಣ ನೋಡುವುದನ್ನು ತಪ್ಪಿಸಿಲ್ಲ.

ಹಳೆಯ ವಾಹನ ಕೊಳ್ಳುವವರು ಟಾರ್ಚ್ ಹಿಡಿದು ಫ್ರೇಮ್‌ನ ಒಳಮೂಲೆಗಳನ್ನು ನೋಡಬೇಕು. ಅಲ್ಲಿ ಗಟ್ಟಿಕಟ್ಟಿದ ಕೆಸರು ತೇವವನ್ನು ಹಿಡಿದಿಟ್ಟು ತುಕ್ಕಿಗೆ ದಾರಿ ಮಾಡುತ್ತದೆ. ಡಿಫರೆನ್ಷಿಯಲ್ ಅಡಿಯ ಗೀರುಗಳಿಗೆ ಹೆದರಬೇಕಿಲ್ಲ. ಬಾಗಿದ ತೊಲೆ ಮತ್ತು ಹೊಸ ವೆಲ್ಡಿಂಗ್ ಗುರುತುಗಳಿಗೆ ಹೆದರಬೇಕು. ಸಸ್ಪೆನ್ಷನ್ ಎತ್ತರಿಸಿದ್ದರೆ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗಿ ಜಾಯಿಂಟ್‌ಗಳು ಬೇಗ ಸವೆಯುತ್ತವೆಯಾದ್ದರಿಂದ, ಕಂಪನಿಯಿಂದ ಬಂದಂತೆಯೇ ಇರುವ ವಾಹನವನ್ನೇ ಹುಡುಕುವುದು ಒಳ್ಳೆಯದು. ಮುಂದೆಯೂ ಸಾಲಿಡ್ ಆಕ್ಸಲ್ ಇದ್ದು, ರಸ್ತೆಯ ಉಬ್ಬು ದಾಟಿದ ಕೂಡಲೇ ಸ್ಟೀರಿಂಗ್ ಕೈಯಲ್ಲಿ ಗಡಗಡ ನಡುಗಿದರೆ, ಟೈರ್ ಬ್ಯಾಲೆನ್ಸ್, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್‌ಗಳು ಮತ್ತು ಬುಷ್‌ಗಳನ್ನು ಮೆಕ್ಯಾನಿಕ್ ಪರೀಕ್ಷಿಸುವವರೆಗೆ ಮುಂಗಡ ಕೊಡಬೇಡಿ.